ಇನ್ಫೋಸಿಸ್ ಷೇರು ಇಳಿದಿದೆ ನಿಜ, ಅಗ್ಗವಾಗಿದೆಯಾ?

ಪ್ರಶ್ನೆ: ನಾನು ದಾವಣಗೆರೆಯವನು, ನಿವೃತ್ತ ಉಪನ್ಯಾಸಕ, ವಯಸ್ಸು 61. ಪಿಂಚಣಿ ಬರುತ್ತದೆ. ಬರುವ ತಿಂಗಳು 8 ಲಕ್ಷ ರೂಪಾಯಿಯ ಎಫ್‌ಡಿ ಮುಗಿಯುತ್ತದೆ. ಅಷ್ಟನ್ನೂ ಇನ್ಫೋಸಿಸ್ ಷೇರಿಗೆ ಹಾಕೋಣ ಅಂತಿದ್ದೇನೆ. 2024ರ ಡಿಸೆಂಬರ್‌ನಲ್ಲಿ 2,000 ರೂಪಾಯಿ ದಾಟಿದ್ದ ಷೇರು ನಾನು ಇದನ್ನು ಬರೆಯುವಾಗ 1,500ರ ಆಸುಪಾಸಿನಲ್ಲಿ ಸಿಗುತ್ತಿದೆ. ಕಂಪನಿಯೇ 1,800 ರೂಪಾಯಿಗೆ ಬೈಬ್ಯಾಕ್ ಘೋಷಿಸಿತ್ತು. ಅಂದಮೇಲೆ 1,500 ಅಗ್ಗ ತಾನೆ? ನನ್ನ ಭಾವಮೈದ, '93ರಲ್ಲಿ 9,500 ಹಾಕಿದ್ದರೆ ಇವತ್ತು ಕೋಟ್ಯಧೀಶ, ಈಗಲೂ ತಡವಾಗಿಲ್ಲ' ಅಂತಾನೆ. ಪೇಪರ್ ತೆಗೆದರೆ ಎಐ ಬಂದು ಐಟಿ ಮುಳುಗಿತು ಅಂತ ಬರೆದಿರುತ್ತಾರೆ. ಅಳಿಯ ಅದೇ ಕಂಪನಿಯಲ್ಲಿ ಮ್ಯಾನೇಜರ್. ಕೇಳಿದರೆ 'ಮಾವ, ಇದೊಂದು ವಿಷಯ ನನ್ನನ್ನ ಕೇಳಬೇಡಿ' ಅಂತ ಜಾರಿಕೊಳ್ಳುತ್ತಾರೆ. ಮಗಳು ಬೆಂಗಳೂರಿನಲ್ಲೇ ಬೇರೊಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಎಲೆಕ್ಟ್ರಾನಿಕ್ ಸಿಟಿ ಹತ್ತಿರ ನಮ್ಮದೊಂದು ಫ್ಲ್ಯಾಟ್ ಇದೆ, ಬಾಡಿಗೆ ಬರುತ್ತದೆ. ತಗೊಳ್ಳಲೋ ಬೇಡವೋ, ನೇರವಾಗಿ ಹೇಳಿ.

ಉತ್ತರ: 8 ಲಕ್ಷವನ್ನೂ ಹಾಕಬೇಡಿ. 1 ಲಕ್ಷದವರೆಗೆ ಹಾಕುತ್ತೀರಾದರೆ ನನ್ನ ತಕರಾರಿಲ್ಲ. ನೇರ ಉತ್ತರ ಇಷ್ಟೇ. ಆದರೆ ನಿಮ್ಮ ಪತ್ರದಲ್ಲಿ ಇನ್ನೂ ನಾಲ್ಕಾರು ಪ್ರಶ್ನೆ ಅಡಗಿವೆ. ಅವನ್ನು ಬಿಡಿಸದೆ ಹೋದರೆ ನಾಳೆ ಇನ್ನೊಂದು ಷೇರು ಇಳಿದಾಗ ಇದೇ ಪತ್ರ ಮತ್ತೆ ಬರೆಯುತ್ತೀರಿ.

ಮೊದಲೇ ಹೇಳಿಬಿಡುತ್ತೇನೆ: ನನ್ನ ಹೆಂಡತಿಯ ಡಿಮ್ಯಾಟ್ ಖಾತೆಯಲ್ಲಿ (ಷೇರು ಇಡುವ ಖಾತೆ) ಈ ಕಂಪನಿಯ 60 ಷೇರು ಇವೆ. ಅದು ಗೊತ್ತಿದ್ದು ಮುಂದೆ ಓದಿ.

ನಿಮ್ಮ ತಲೆಯಲ್ಲಿ 2,000 ಅನ್ನೋ ಸಂಖ್ಯೆ ಕೂತುಬಿಟ್ಟಿದೆ. ಅದಕ್ಕೆ ಹೋಲಿಸಿದಾಗ 1,500 ಸಣ್ಣದಾಗಿ ಕಾಣುತ್ತದೆ. ನಿಮ್ಮ ಕಡೆ ಚನ್ನಗಿರಿಯಲ್ಲಿ ಅಡಿಕೆ ತೋಟ ಕೊಳ್ಳುವವರನ್ನು ನೋಡಿರುತ್ತೀರಿ. 'ಹೋದ ವರ್ಷ ಎಕರೆಗೆ ಇಷ್ಟಿತ್ತು, ಈಗ ಕಮ್ಮಿಗೆ ಬಂದಿದೆ, ತಗೋ' ಅಂತ ಯಾರಾದರೂ ಅಡ್ವಾನ್ಸ್ ಕೊಡುತ್ತಾರಾ? ವರ್ಷಕ್ಕೆ ಎಷ್ಟು ಕ್ವಿಂಟಲ್ ಬರುತ್ತದೆ, ಮರಕ್ಕೆ ವಯಸ್ಸೆಷ್ಟು, ಬೋರ್‌ವೆಲ್ಲಲ್ಲಿ ನೀರಿದೆಯಾ, ಹಿಡಿಮುಂಡಿಗೆ ರೋಗ ಕಾಣಿಸಿಕೊಂಡಿದೆಯಾ ಅಂತ ತೋಟದೊಳಗೆ ಸುತ್ತಾಡಿ ನೋಡುತ್ತಾರೆ. ಹಳೇ ಬೆಲೆ ಚೌಕಾಸಿಗೆ ಬೇಕಾಗುತ್ತದೆ, ಅಷ್ಟೇ.

ಷೇರಿಗೂ ಅದೇ ಲೆಕ್ಕ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇನ್ಫೋಸಿಸ್ ಗಳಿಸಿದ ನಿವ್ವಳ ಲಾಭ 26,713 ಕೋಟಿ ರೂಪಾಯಿ. ಅದನ್ನು ಷೇರುಗಳ ಲೆಕ್ಕಕ್ಕೆ ಹಂಚಿದರೆ ಒಂದು ಷೇರಿಗೆ ಸುಮಾರು 64 ರೂಪಾಯಿ. 1,500 ಕೊಟ್ಟು 64ರ ಫಸಲು. ಭಾಗಿಸಿದರೆ 23ರಿಂದ 24. ಪೇಟೆಯವರು ಪಿಇ ಅನ್ನುವುದು ಇದನ್ನೇ. ಆ 64ರಲ್ಲಿ ಡಿವಿಡೆಂಡ್ ಆಗಿ ಆ ವರ್ಷಕ್ಕೆ ಸಿಕ್ಕಿದ್ದು 43 ರೂಪಾಯಿ. 1,500ಕ್ಕೆ ಲೆಕ್ಕ ಹಾಕಿದರೆ ಶೇ. 2.9 ಆಗುತ್ತದೆ. ನಿಮ್ಮ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತಿತ್ತು, ಅಲ್ವಾ? ಉಳಿದದ್ದೆಲ್ಲ ಲಾಭ ಬೆಳೆಯುವುದರಿಂದ ಬರಬೇಕು. ತೋಟದಲ್ಲಿ ಮರ ಇನ್ನೂ ಬೆಳೆಯುತ್ತಿದೆಯಾ ಅನ್ನೋದೇ ಮುಖ್ಯವಾಗುವುದು ಇಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 2022ರ ಜನವರಿಯಲ್ಲೂ ಈ ಷೇರು 1,900 ದಾಟಿತ್ತು. ಆ ವರ್ಷದ ಲಾಭ 22,110 ಕೋಟಿ, ಷೇರಿಗೆ ಸುಮಾರು 52 ರೂಪಾಯಿ. ಪಿಇ 36ಕ್ಕಿಂತ ಮೇಲಿತ್ತು. ಆಮೇಲಿನ ಮೂರು ವರ್ಷದಲ್ಲಿ ಲಾಭ ಶೇ. 20ರಷ್ಟು ಏರಿದೆ. ಷೇರಿನ ಬೆಲೆ ಮಾತ್ರ ಕೆಳಗಿದೆ. ಕಂಪನಿ ಹಾಳಾಗಿದ್ದರಿಂದ ಹೀಗಾಗಲಿಲ್ಲ. ಕೊಂಡವರು ಶುರುವಿನಲ್ಲೇ ಜಾಸ್ತಿ ಕೊಟ್ಟಿದ್ದರು. ಅಂದರೆ 2,000ವೇ ಸರಿಯಾದ ಬೆಲೆ, 1,500 ಡಿಸ್ಕೌಂಟ್ ಅಂತ ನೀವು ಅಂದುಕೊಂಡಿದ್ದೀರಿ. 1,500 ಸರಿಯಾದ ಬೆಲೆ, 2,000 ದುಬಾರಿ ಅಂತಲೂ ಹೇಳಬಹುದು.

ನಿಜವಾಗಿ ಅಗ್ಗವಾಗಿದ್ದ ದಿನಗಳೂ ಇದ್ದವು. 2017ರ ಆಗಸ್ಟ್ 18, ಶುಕ್ರವಾರ, ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಸ್ಥಾಪಕರಿಗೂ ಆಡಳಿತ ಮಂಡಳಿಗೂ ಬಹಿರಂಗವಾಗಿ ಮಾತಿಗೆ ಮಾತು ನಡೆದಿತ್ತು. ಒಂದೇ ದಿನ ಷೇರು ಶೇ. 9ಕ್ಕಿಂತ ಹೆಚ್ಚು ಬಿದ್ದು 923ಕ್ಕೆ ನಿಂತಿತು. ಅದರ ಹಿಂದಿನ ವರ್ಷದ ಗಳಿಕೆ ಷೇರಿಗೆ ಸುಮಾರು 63 ರೂಪಾಯಿ. ಪಿಇ 15ರ ಹತ್ತಿರ. ಕೈಯಲ್ಲಿ ರಾಶಿ ನಗದು, ವ್ಯವಹಾರ ಮೊದಲಿನಂತೆಯೇ ನಡೆಯುತ್ತಿತ್ತು, ಕೆಟ್ಟಿದ್ದು ಮೇಲಿನವರ ಮನಸ್ಸು ಮಾತ್ರ. ಆವತ್ತು ಕೊಂಡವರು ಚೆನ್ನಾಗಿ ದುಡಿದರು. (ಮರುವರ್ಷ ಒಂದಕ್ಕೊಂದು ಬೋನಸ್ ಬಂತು, ಅಂದರೆ ಒಂದು ಷೇರಿಗೆ ಇನ್ನೊಂದು ಉಚಿತ, ಹಾಗಾಗಿ ಆ 923 ಇವತ್ತಿನ ಲೆಕ್ಕದಲ್ಲಿ ಸುಮಾರು 460.) ನೀವು ಕೊಳ್ಳಬೇಕೆಂದಿರುವ ಬೆಲೆ ಇಳಿದ ಮೇಲೂ ಗಳಿಕೆಯ 23 ಪಟ್ಟು. ದುಬಾರಿ ಅಂತ ನಾನು ಹೇಳುತ್ತಿಲ್ಲ. 'ಅಗ್ಗ' ಅನ್ನೋ ಪದಕ್ಕೆ ಇನ್ನೂ ದೂರ ಇದೆ.

ಈಗ ಬೈಬ್ಯಾಕ್ ವಿಷಯ. ಇದನ್ನು ತಪ್ಪು ತಿಳಿದುಕೊಂಡವರು ನೀವೊಬ್ಬರೇ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ 18,000 ಕೋಟಿಯಲ್ಲಿ, ಷೇರಿಗೆ 1,800ರಂತೆ, 10 ಕೋಟಿ ಷೇರು ವಾಪಸ್ ಕೊಳ್ಳುವುದಾಗಿ ಹೇಳಿತು. ದೊಡ್ಡ ಮೊತ್ತವೇ. ಆದರೆ ಒಟ್ಟು ಷೇರುಗಳಲ್ಲಿ ಅದು ಶೇ. 2.41 ಮಾತ್ರ. ಪ್ರವರ್ತಕರು, ಅಂದರೆ ಸ್ಥಾಪಕರು ಮತ್ತು ಅವರ ಮನೆಯವರು, ತಾವು ಷೇರು ಕೊಡುವುದಿಲ್ಲ ಅಂತ ಹಿಂದೆ ಸರಿದರು. ಆದರೂ ಸಣ್ಣ ಷೇರುದಾರರಿಗೆ ಸಿಕ್ಕ ಹಕ್ಕು 11 ಷೇರಿಗೆ 2. ನೂರು ಷೇರು ಇಟ್ಟುಕೊಂಡವರಿಗೆ ಹದಿನೆಂಟು. ಉಳಿದ 82 ಷೇರು ಪೇಟೆ ಬೆಲೆಯಲ್ಲೇ ಇರುತ್ತವೆ. ಅದರ ಮೇಲೆ, 2024ರ ಅಕ್ಟೋಬರ್‌ನಿಂದ ಬಂದ ನಿಯಮದ ಪ್ರಕಾರ, ಆ ಬೈಬ್ಯಾಕ್‌ನಲ್ಲಿ ಕೈಗೆ ಬಂದ 1,800 ಪೂರ್ತಿ ಡಿವಿಡೆಂಡ್ ಅಂತಲೇ ಲೆಕ್ಕ. ಕೊಂಡ ಬೆಲೆ ಕಳೆಯುವ ಹಾಗಿಲ್ಲ, ಅದನ್ನು ಬಂಡವಾಳ ನಷ್ಟ ಅಂತ ಬೇರೆ ತೋರಿಸಿಕೊಳ್ಳಬೇಕಿತ್ತು. ಶೇ. 30ರ ತೆರಿಗೆ ಕಟ್ಟುವವರಿಗೆ 1,800ರಲ್ಲಿ 540 ಅಲ್ಲೇ ಹೋಗುತ್ತಿತ್ತು. ಇದರಲ್ಲಿ 'ಕಂಪನಿಯೇ 1,800 ಅಂತ ಬೆಲೆ ಕಟ್ಟಿತು' ಅನ್ನೋ ಅರ್ಥ ಎಲ್ಲಿಂದ ಬರಬೇಕು? ಷೇರು ಕೊಡಲಿ ಅಂತ ಪೇಟೆಗಿಂತ ಮೇಲೆ ಕರೆಯುವುದು ಬೈಬ್ಯಾಕ್‌ನಲ್ಲಿ ಮಾಮೂಲಿ. ನನಗೆ ಅದರಲ್ಲಿ ಕಂಡದ್ದು ಬೇರೆ ವಿಷಯ. ಕಂಪನಿಯ ಬಳಿ ಹಣ ಧಾರಾಳ ಇದೆ, ಅಷ್ಟೂ ಹಣವನ್ನು ಬೆಳವಣಿಗೆಗೆ ಹಾಕುವ ಜಾಗ ಅದಕ್ಕೆ ಕಾಣುತ್ತಿಲ್ಲ. ಮೊದಲನೆಯದು ಸಮಾಧಾನ ಕೊಡುತ್ತದೆ. ಎರಡನೆಯದನ್ನು ಯೋಚನೆ ಮಾಡಬೇಕು.

ನಿಮ್ಮ ಭಾವಮೈದನ ಲೆಕ್ಕದಲ್ಲಿ ತಪ್ಪಿಲ್ಲ. 1993ರಲ್ಲಿ 95 ರೂಪಾಯಿಯಂತೆ 100 ಷೇರು, 9,500 ರೂಪಾಯಿ. ಬೋನಸ್, ವಿಭಜನೆ ಎಲ್ಲ ಸೇರಿ ಆ 100 ಇವತ್ತು 1,02,400 ಷೇರು ಆಗಿವೆ. 1,500ರಂತೆ ಹದಿನೈದು ಕೋಟಿಯ ಮೇಲೆ. ಆದರೆ ಅವರು ಹೇಳದೇ ಬಿಟ್ಟ ಎರಡು ವಿಷಯ ಇವೆ. ಒಂದು, ಆ ಐಪಿಒ, ಅಂದರೆ ಜನರಿಗೆ ಮೊದಲ ಸಲ ಷೇರು ಮಾರಿದ್ದು, ಪೂರ್ತಿ ಭರ್ತಿಯೇ ಆಗಿರಲಿಲ್ಲ. ಬೇಡ ಅಂತ ಜನ ಬಿಟ್ಟ ಷೇರುಗಳನ್ನು ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು. ಇವತ್ತು ಇದರ ಹೆಸರು ಕೇಳದವರಿಲ್ಲ. ಹೆಸರು ಎಲ್ಲರಿಗೂ ಗೊತ್ತಾದ ಮೇಲೆ ಬೆಲೆಯಲ್ಲಿ ಆ ಹೆಸರೂ ಸೇರಿರುತ್ತದೆ. ಎರಡು, ಗಾತ್ರ. 1,500ರಲ್ಲಿ ಕಂಪನಿಯ ಒಟ್ಟು ಬೆಲೆ ಸುಮಾರು 6.1 ಲಕ್ಷ ಕೋಟಿ. ಇನ್ನು ನೂರು ಪಟ್ಟು ಆಗಬೇಕಾದರೆ 610 ಲಕ್ಷ ಕೋಟಿ. 2024-25ರಲ್ಲಿ ಇಡೀ ಭಾರತದ ಒಂದು ವರ್ಷದ ಜಿಡಿಪಿಯೇ 330 ಲಕ್ಷ ಕೋಟಿಯ ಆಸುಪಾಸು! ಮುಂದೆ ಬೋನಸ್ ಬಂದರೂ ಹಿಗ್ಗಬೇಡಿ. ಒಂದು ಹೋಳಿಗೆಯನ್ನು ಎರಡು ತುಂಡು ಮಾಡಿದರೆ ಎಲೆ ತುಂಬಿದ ಹಾಗೆ ಕಾಣುತ್ತದೆ, ಹೂರಣ ಅಷ್ಟೇ ಇರುತ್ತದೆ.

ಇನ್ನು ಬೆಲೆ ಇಳಿದಿದ್ದು ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ.

ಕೋವಿಡ್ ಸಮಯದಲ್ಲಿ ಪ್ರಪಂಚದ ಬ್ಯಾಂಕು, ಅಂಗಡಿ, ವಿಮಾ ಕಂಪನಿ ಎಲ್ಲ ಆನ್‌ಲೈನ್‌ಗೆ ಓಡಿದವು. 2021-22ರಲ್ಲಿ ಇನ್ಫೋಸಿಸ್ ಆದಾಯ, ಡಾಲರ್-ಯೂರೋ ಏರಿಳಿತ ತೆಗೆದು ನೋಡಿದರೂ, ಶೇ. 19.7 ಬೆಳೆಯಿತು. ಮರುವರ್ಷ ಶೇ. 15.4. ಪಿಇ 36 ಕೊಟ್ಟವರು ಈ ಓಟ ಹೀಗೇ ಇರುತ್ತದೆ ಅಂದುಕೊಂಡಿದ್ದರು. ಆಮೇಲೆ ಅಮೆರಿಕದಲ್ಲಿ ಬಡ್ಡಿದರ ಸೊನ್ನೆಯ ಹತ್ತಿರದಿಂದ ಒಂದೂವರೆ ವರ್ಷದಲ್ಲಿ ಶೇ. 5ರ ಮೇಲಕ್ಕೆ ಹೋಯಿತು. ಅಲ್ಲಿನ ಕಂಪನಿಗಳು 'ಆದರೆ ಮಾಡೋಣ' ಅನ್ನೋ ಪ್ರಾಜೆಕ್ಟುಗಳನ್ನೆಲ್ಲ ಮುಂದಕ್ಕೆ ಹಾಕಿದವು. ಇನ್ಫೋಸಿಸ್ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಉತ್ತರ ಅಮೆರಿಕದ್ದು. 2023-24ರಲ್ಲಿ ಬೆಳವಣಿಗೆ ಶೇ. 1.4ಕ್ಕೆ ಕುಸಿಯಿತು. 2024-25ರಲ್ಲಿ ಶೇ. 4.2. ಅದರ ಮುಂದಿನ ವರ್ಷಕ್ಕೆ ಕಂಪನಿ ಮೊದಲು ಕೊಟ್ಟ ಅಂದಾಜು ಶೇ. 0ಯಿಂದ 3. ಅಕ್ಟೋಬರ್ ಹೊತ್ತಿಗೆ ಅದನ್ನು 2ರಿಂದ 3 ಮಾಡಿದರು.

ಈ ಅಂದಾಜಿಗೆ ಪೇಟೆಯಲ್ಲಿ ಗೈಡೆನ್ಸ್ ಅಂತಾರೆ. ಇದರ ಏಟು ಎಷ್ಟು ಜೋರು ಅಂತ ನಾನು ಕಣ್ಣಾರೆ ನೋಡಿದ್ದು 2013ರ ಏಪ್ರಿಲ್ 12ರಂದು. ಅದೂ ಶುಕ್ರವಾರವೇ. ಬ್ರೋಕರ್ ಆಫೀಸಿನ ಟಿವಿ ಮುಂದೆ ನಾವು ಏಳೆಂಟು ಜನ ಕಾಫಿ ಕುಡಿಯುತ್ತಾ ಕೂತಿದ್ದೆವು. ಮುಂದಿನ ವರ್ಷ ಶೇ. 6ರಿಂದ 10 ಬೆಳೆಯುತ್ತೇವೆ ಅಂತ ಕಂಪನಿ ಹೇಳಿತು. ಪೇಟೆ ಅದಕ್ಕಿಂತ ಜಾಸ್ತಿ ಕಾದಿತ್ತು. ಸಂಜೆ ಹೊತ್ತಿಗೆ ಷೇರು ಶೇ. 21 ಬಿದ್ದಿತ್ತು. ಕಾಫಿ ಲೋಟ ಕೆಳಗಿಟ್ಟ ಹಿರಿಯರೊಬ್ಬರು, 'ಇದು ಕಂಪನಿ ಬಿದ್ದಿದ್ದಲ್ಲ, ನಮ್ಮ ಆಸೆ ಬಿದ್ದಿದ್ದು' ಅಂದರು. ಆಗ ನಿರಾಸೆ ಮಾಡಿದ ಆ 6ರಿಂದ 10 ಅನ್ನೋ ಅಂಕಿ ಇವತ್ತು ಬಂದರೆ ಪಟಾಕಿ ಹೊಡೆಯುತ್ತಾರೆ.

ಬಡ್ಡಿದರ ಬರುತ್ತದೆ, ಹೋಗುತ್ತದೆ. ಅದೊಂದೇ ಕಾರಣವಾಗಿದ್ದರೆ ನಾನು ನಿಮಗೆ ಧೈರ್ಯವಾಗಿ ತಗೊಳ್ಳಿ ಅನ್ನುತ್ತಿದ್ದೆ. ಇನ್ನೊಂದು ಬದಲಾವಣೆ ಬೇರಿನಲ್ಲೇ ಆಗುತ್ತಿದೆ. ನಮ್ಮ ಐಟಿ ಕಂಪನಿಗಳ ಬಿಲ್ ಬಹುಮಟ್ಟಿಗೆ ತಲೆಲೆಕ್ಕದ್ದು. ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಆದಾಯ ಬೆಳೆಯಬೇಕಾದರೆ ಜನ ಬೆಳೆಯಬೇಕು. ಈಗ ಹತ್ತು ಜನ ಮಾಡುತ್ತಿದ್ದ ಕೋಡಿಂಗ್, ಟೆಸ್ಟಿಂಗ್ ಕೆಲಸವನ್ನು ಎಐ ಇಟ್ಟುಕೊಂಡು ಏಳು ಜನ ಮಾಡಿದರು ಅಂತಿಟ್ಟುಕೊಳ್ಳಿ. ಗಿರಾಕಿ ಸುಮ್ನೆ ಇರುತ್ತಾನಾ? 'ಉಳಿದ ಮೂರು ಜನರ ದುಡ್ಡು ನನಗೆ ಬಿಡು' ಅಂತಾನೆ. ರಿನ್ಯೂವಲ್‌ಗೆ ಬಂದ ಕಾಂಟ್ರ್ಯಾಕ್ಟುಗಳಲ್ಲಿ ಈ ಚೌಕಾಸಿ ನಡೆಯುತ್ತದೆ. ಇನ್ಫೋಸಿಸ್‌ನಲ್ಲಿ 2023ರ ಮಾರ್ಚ್‌ನಲ್ಲಿ 3.43 ಲಕ್ಷ ಜನ ಇದ್ದರು, 2025ರ ಮಾರ್ಚ್‌ನಲ್ಲಿ 3.23 ಲಕ್ಷ. ಇದಕ್ಕೆ ಎಐ ಒಂದೇ ಕಾರಣ ಅಲ್ಲ, ಕೋವಿಡ್ ಹೊತ್ತಿನಲ್ಲಿ ಜಾಸ್ತಿ ತಗೊಂಡಿದ್ದೂ ಇದೆ.

ಗಿರಾಕಿಗಳು ತಾವೇ ಬೆಂಗಳೂರಿಗೆ ಬಂದು ಕೂತಿರುವುದು ಮತ್ತೊಂದು. ಗೋಲ್ಡ್‌ಮನ್ ಸ್ಯಾಕ್ಸ್, ವಾಲ್ಮಾರ್ಟ್, ಟಾರ್ಗೆಟ್ ತರಹದ ಕಂಪನಿಗಳಿಗೆ ಇಲ್ಲಿ ಸಾವಿರಾರು ಜನರ ಸ್ವಂತ ಕಚೇರಿಗಳಿವೆ. ಹೊರಗೆ ಕೊಡುವ ಬದಲು ಮನೆಯಲ್ಲೇ ಅಡುಗೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಅಲ್ಲಿಗೆ ಹೋಗಿ ಕೆಲಸ ಮಾಡುವ ವೀಸಾ) ಅರ್ಜಿಗೆ ಅಮೆರಿಕ ಹೇರಿದ ಒಂದು ಲಕ್ಷ ಡಾಲರ್ ಶುಲ್ಕ ಇದಕ್ಕೆಲ್ಲ ಮೇಲೋಗರ.

ಇಲ್ಲಿ ಒಂದು ಅಂಕಿ ನೋಡಿ. 2023-24ರಲ್ಲಿ ಇನ್ಫೋಸಿಸ್ 1,770 ಕೋಟಿ ಡಾಲರ್‌ನ ದೊಡ್ಡ ಆರ್ಡರುಗಳನ್ನು ಗೆದ್ದಿತು. ಅಲ್ಲಿಯವರೆಗಿನ ದಾಖಲೆ. ಪೇಪರ್‌ನಲ್ಲಿ ದೊಡ್ಡ ಹೆಡ್ಡಿಂಗ್ ಬಂದಿತ್ತು. ಅದೇ ವರ್ಷ ಬೆಳವಣಿಗೆ ಶೇ. 1.4, ಮರುವರ್ಷ 4.2! ಹೇಗೆ? ಆ ಆರ್ಡರುಗಳಲ್ಲಿ ನಿಜವಾಗಿ ಹೊಸದು ಶೇ. 52 ಮಾತ್ರ, ಉಳಿದದ್ದು ಹಳೇ ಕೆಲಸದ ಮುಂದುವರಿಕೆ. ಹೊಸದೂ ನಾಲ್ಕಾರು ವರ್ಷಕ್ಕೆ ಹಂಚಿ ಹೋಗುತ್ತದೆ. ಈ ಕಡೆ ಸಣ್ಣ ಸಣ್ಣ ಹಳೇ ಕೆಲಸ ಮುಗಿಯುತ್ತಾ ಹೋಗುತ್ತದೆ. ತೊಟ್ಟಿಗೆ ಮೇಲಿಂದ ನೀರು ಬಿಡುತ್ತಿದ್ದಾರೆ, ಕೆಳಗೆ ನಲ್ಲಿ ತೆರೆದಿದೆ. ಆದ್ದರಿಂದ 'ದೊಡ್ಡ ಆರ್ಡರ್ ಸಿಕ್ಕಿತು' ಅಂತ ಬೆಳಿಗ್ಗೆ ಪೇಪರ್ ನೋಡಿ ಷೇರು ಕೊಳ್ಳಬೇಡಿ.

ಹಾಗಾದರೆ ಐಟಿ ಮುಳುಗಿತಾ? ಇಲ್ಲ. 2024-25ರಲ್ಲಿ 1.63 ಲಕ್ಷ ಕೋಟಿ ಆದಾಯ, ನೂರು ರೂಪಾಯಿಗೆ 21 ರೂಪಾಯಿ ಕಾರ್ಯಾಚರಣೆ ಲಾಭ, ಹೇಳಿಕೊಳ್ಳುವಂಥ ಬ್ಯಾಂಕ್ ಸಾಲ ಇಲ್ಲ. ಆ ವರ್ಷ ಕೈಗೆ ಬಂದ ನಗದು ಪುಸ್ತಕದ ಲಾಭಕ್ಕಿಂತ ಜಾಸ್ತಿ ಇತ್ತು. ನಾನು ಮೊದಲು ನೋಡುವುದು ಈ ಕೊನೆಯದನ್ನೇ. ಸತ್ಯಂ ಕಂಪನಿ 2009ರ ಜನವರಿಯಲ್ಲಿ ಬಿದ್ದಾಗ ಪುಸ್ತಕದಲ್ಲಿದ್ದ 5,040 ಕೋಟಿ ನಗದು ಬ್ಯಾಂಕಿನಲ್ಲಿ ಇರಲೇ ಇಲ್ಲ ಅಂತ ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಅದೂ ಪಿಇ ನೋಡಿ ಅಗ್ಗ ಅಂತ ಜನ ಕೊಂಡಿದ್ದ ಷೇರೇ. ವರ್ಷಾವರ್ಷ ಡಿವಿಡೆಂಡ್, ಬೈಬ್ಯಾಕ್ ಅಂತ ನಿಜವಾದ ಹಣ ಕೊಟ್ಟುಕೊಂಡು ಬಂದ ಕಂಪನಿಯ ಬಗ್ಗೆ ಆ ಭಯ ಕಮ್ಮಿ. ಇಂಥ ಕಂಪನಿ ಮುಳುಗುವುದಿಲ್ಲ. ಆದರೆ ಬೆಳೆಯದೆ ನಿಂತಲ್ಲೇ ನಿಲ್ಲಬಹುದು. 23 ಪಟ್ಟು ಕೊಟ್ಟವರಿಗೆ ಅಷ್ಟೇ ಸಾಕು, ಐದು ವರ್ಷ ಹೋಯಿತು.

ಹೊರದೇಶದ ಎರಡು ಕಥೆ ಬೇಗ ಹೇಳುತ್ತೇನೆ. ಇಂಟೆಲ್ 2021ರಲ್ಲಿ ಸುಮಾರು 2,000 ಕೋಟಿ ಡಾಲರ್ ಲಾಭ ಮಾಡಿತ್ತು. ಷೇರು 50 ಡಾಲರ್ ಆಸುಪಾಸು, ಪಿಇ ಹತ್ತು ಹನ್ನೆರಡು. ಎಲ್ಲ ಲೆಕ್ಕದಲ್ಲೂ ಅಗ್ಗ. ಚಿಪ್ ತಯಾರಿಕೆಯಲ್ಲಿ ಹಿಂದೆ ಬಿದ್ದಿದ್ದು ಆಗಲೇ ಗೊತ್ತಿದ್ದ ವಿಷಯ. 2024ರ ಆಗಸ್ಟ್‌ನಲ್ಲಿ ಡಿವಿಡೆಂಡ್ ನಿಲ್ಲಿಸುತ್ತೇವೆ ಅಂದಾಗ ಒಂದೇ ದಿನ ಶೇ. 26 ಬಿತ್ತು, 20 ಡಾಲರ್ ಹತ್ತಿರ ಬಂತು. ಆ ವರ್ಷ ಕಂಪನಿಗೆ ಸುಮಾರು 1,900 ಕೋಟಿ ಡಾಲರ್ ನಷ್ಟ. ಪಿಇಯ ಕೆಳಗಿನ ಅಂಕಿ, ಅಂದರೆ ಗಳಿಕೆಯೇ ಮಾಯವಾದರೆ 'ಅಗ್ಗ' ಎಲ್ಲಿರುತ್ತದೆ? ಮೈಕ್ರೋಸಾಫ್ಟ್ ಕಥೆ ತಿರುಗಾಮುರುಗಾ. 1999ರ ಕೊನೆಯ ಎತ್ತರವನ್ನು ದಾಟಲು ಅದಕ್ಕೆ 16 ವರ್ಷಕ್ಕೂ ಜಾಸ್ತಿ ಬೇಕಾಯಿತು. ಅಷ್ಟು ದಿನವೂ ಕಂಪನಿ ಲಾಭ ಮಾಡುತ್ತಲೇ ಇತ್ತು. ತುದಿಯಲ್ಲಿ ಕೊಂಡವರು ಕಾದು ಸುಸ್ತಾದರು. 2012-13ರಲ್ಲಿ, ಪಿಸಿ ಸತ್ತಿತು ಅಂತ ಎಲ್ಲರೂ ಬರೆಯುತ್ತಿದ್ದಾಗ, ಹತ್ತರ ಆಸುಪಾಸಿನ ಪಿಇಗೆ ಕೊಂಡವರು ಸಿರಿವಂತರಾದರು. ಕಂಪನಿ ಒಂದೇ, ಕೊಟ್ಟ ಬೆಲೆ ಬೇರೆ.

ನನ್ನದೂ ಒಂದು ಪೆಟ್ಟು ಇದೆ. 2000ದ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ಷೇರು ಕೊಂಡೆ, ಹೆಸರು ಬೇಡ. ಶೇ. 40 ಬಿದ್ದಾಗ ಅಗ್ಗ ಅಂತ ಮತ್ತೆ ಕೊಂಡೆ. ಇನ್ನೂ ಬಿದ್ದಾಗ ಮತ್ತೆ. ಮನೆಯಲ್ಲಿ ಕೇಳಿದರೆ 'ಆವರೇಜ್ ಮಾಡ್ತಾ ಇದೀನಿ' ಅನ್ನುತ್ತಿದ್ದೆ. ಆ ಕಂಪನಿಯ ಲಾಭ ಎಷ್ಟು ಅಂತ ನಾನು ಮೊದಲ ಸಲ ತೆಗೆದು ನೋಡಿದ್ದು ಮೂರನೇ ಸಲ ಕೊಂಡ ಮೇಲೆ. ಆ ಲೆಕ್ಕ ಬರೆದಿಟ್ಟ ಪುಸ್ತಕದ ಪುಟ ಈಗಲೂ ಇಟ್ಟುಕೊಂಡಿದ್ದೇನೆ.

ಈಗ ನಿಮ್ಮ 1,500ಕ್ಕೆ ಬರೋಣ. ಪೆನ್ನು ಪೇಪರ್ ತಗೊಳ್ಳಿ, ಐದು ವರ್ಷದ ಲೆಕ್ಕ ಹಾಕೋಣ. ಇದು ಭವಿಷ್ಯ ಅಲ್ಲ, ಬರೀ ಗುಣಾಕಾರ.

ಗಳಿಕೆ ವರ್ಷಕ್ಕೆ ಶೇ. 4 ಬೆಳೆಯಿತು, ಪೇಟೆ ಬೇಸತ್ತು ಪಿಇ 16ಕ್ಕೆ ಇಳಿಸಿತು ಅಂದುಕೊಳ್ಳಿ. 64 ರೂಪಾಯಿ ಗಳಿಕೆ 78 ಆಗುತ್ತದೆ, ಷೇರು 1,250ರ ಹತ್ತಿರ. ಐದು ವರ್ಷದ ಡಿವಿಡೆಂಡ್ 240 ಸೇರಿಸಿದರೆ 1,490. ಅಸಲು ಬಂತು, ಬಡ್ಡಿ ಇಲ್ಲ. ಶೇ. 7 ಬೆಳೆದು ಪಿಇ 22 ಇದ್ದರೆ ಷೇರು 1,975, ಡಿವಿಡೆಂಡ್ 265, ಒಟ್ಟು 2,240. ವರ್ಷಕ್ಕೆ ಶೇ. 8ಕ್ಕಿಂತ ಸ್ವಲ್ಪ ಮೇಲೆ. ಶೇ. 11 ಬೆಳೆದು, ಪೇಟೆ ಖುಷಿಯಾಗಿ 26 ಕೊಟ್ಟರೆ ಒಟ್ಟು 3,100. ವರ್ಷಕ್ಕೆ ಶೇ. 15ಕ್ಕಿಂತ ಮೇಲೆ.

ಮೂರನೆಯದು ಆಗಲೇಬಾರದು ಅಂತೇನಿಲ್ಲ. ಎಐ ಜೋಡಣೆ, ಡೇಟಾ ಸರಿಮಾಡುವುದು, ಹಳೇ ಸಿಸ್ಟಂ ಬದಲಿಸುವುದು ಅಂತ ಕೆಲಸ ಉಕ್ಕಬಹುದು. ಹಿಂದೆ ಕ್ಲೌಡ್ ಬಂದಾಗಲೂ ಐಟಿ ಮುಗಿಯಿತು ಅಂದಿದ್ದರು, ಕೆಲಸ ಹೆಚ್ಚೇ ಆಯಿತು. ಆದರೆ ಇತ್ತೀಚಿನ ಬೆಳವಣಿಗೆ ನೋಡಿದರೆ ನಾನು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ನಿಲ್ಲುತ್ತೇನೆ. ಈಗ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ನಿಮಗೆ 60 ದಾಟಿದೆ. ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ 2023ರ ಏಪ್ರಿಲ್‌ನಿಂದ ಶೇ. 8.2 ಕೊಡುತ್ತಾ ಬಂದಿದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಹಾಕುವ ದಿನ ಕೌಂಟರಿನಲ್ಲಿ ಕೇಳಿಕೊಳ್ಳಿ. ಒಮ್ಮೆ ಹಾಕಿದರೆ ಐದು ವರ್ಷಕ್ಕೆ ಅದೇ ದರ. ಬಡ್ಡಿಗೆ ತೆರಿಗೆ ಇದೆ, ನಿಜ. ಆದರೆ ಷೇರಿನ ನಡುವಿನ ಲೆಕ್ಕ ಸರಿಹೋದರೆ ಸಿಗುವಷ್ಟೇ ಇಲ್ಲಿ ನಿದ್ದೆಗೆಡದೆ ಸಿಗುತ್ತದೆ. 8 ಲಕ್ಷಕ್ಕೆ ಆ ದರದಲ್ಲಿ ಮೂರು ತಿಂಗಳಿಗೆ 16,400 ರೂಪಾಯಿ.

ನಿಮ್ಮ ಪತ್ರದಲ್ಲಿ ನೀವು ಪ್ರಶ್ನೆ ಅಂತ ಕೇಳದೇ, ಸುಮ್ನೆ ಕೊನೆಗೆ ಸೇರಿಸಿದ ಎರಡು ಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಅಳಿಯ ಐಟಿಯಲ್ಲಿ, ಮಗಳು ಐಟಿಯಲ್ಲಿ, ಫ್ಲ್ಯಾಟು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಆ ಫ್ಲ್ಯಾಟಿನಲ್ಲಿ ಬಾಡಿಗೆಗೆ ಇರುವವರು ಯಾರು? ಬಹುಶಃ ಐಟಿಯವರೇ. ನಾಳೆ ಐಟಿಗೆ ನಿಜವಾಗಿ ಕೆಟ್ಟ ಕಾಲ ಬಂದರೆ ಷೇರು ಒಂದೇ ಬೀಳುವುದಿಲ್ಲ. ಮಕ್ಕಳ ಇನ್‌ಕ್ರಿಮೆಂಟ್ ನಿಲ್ಲುತ್ತದೆ, ಬಾಡಿಗೆಗೆ ಇದ್ದವರು ಕಮ್ಮಿ ಮಾಡಿ ಅಂತ ಫೋನ್ ಮಾಡುತ್ತಾರೆ, ಫ್ಲ್ಯಾಟ್ ಮಾರೋಣ ಅಂದರೆ ಗಿರಾಕಿ ಇರುವುದಿಲ್ಲ. ಮಕ್ಕಳಿಗೆ ಕೈಯಾಸರೆ ಬೇಕಾದ ದಿನವೇ ನಿಮ್ಮ 8 ಲಕ್ಷ 5 ಲಕ್ಷ ಆಗಿರುತ್ತದೆ. ನಿಮ್ಮ ಮನೆ ಈಗಾಗಲೇ ಐಟಿಯ ಮೇಲೆ ನಿಂತಿದೆ. ಇದೇ ಷೇರನ್ನು ದಾವಣಗೆರೆಯ ಒಬ್ಬ ಅಕ್ಕಿ ಗಿರಣಿ ಮಾಲೀಕರು ಕೇಳಿದ್ದರೆ ಇನ್ನಷ್ಟು ತಗೊಳ್ಳಿ ಅನ್ನುತ್ತಿದ್ದೆ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ 5 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಗೆ ಹಾಕುತ್ತೇನೆ. 2 ಲಕ್ಷವನ್ನು ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ (50 ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಫಂಡ್), ಒಂದು ವರ್ಷ ತಿಂಗಳು ತಿಂಗಳು ಹಂಚಿ. ಅದರಲ್ಲೂ ಇನ್ಫೋಸಿಸ್ ಇದ್ದೇ ಇದೆ, ಜೊತೆಗೆ ಬ್ಯಾಂಕು, ಕಾರು, ಔಷಧ, ಸೋಪು ಎಲ್ಲ ಇವೆ. ಅದೂ ಬೀಳುತ್ತದೆ, ಶೇ. 30 ಬಿದ್ದ ವರ್ಷಗಳನ್ನು ನಾನೇ ನೋಡಿದ್ದೇನೆ. ಐದಾರು ವರ್ಷ ಮುಟ್ಟದ ಹಣ ಮಾತ್ರ ಅಲ್ಲಿಗೆ. ಉಳಿದ 1 ಲಕ್ಷ ನಿಮ್ಮ ಆಸೆಗೆ, ಇನ್ಫೋಸಿಸ್‌ಗೆ. ಅದನ್ನೂ ಒಂದೇ ಸಲ ಬೇಡ. ಕಂಪನಿ ಮೂರು ತಿಂಗಳಿಗೊಮ್ಮೆ ಫಲಿತಾಂಶ ಕೊಡುತ್ತದೆ. ಪ್ರತಿ ಸಲ ಎರಡು ದಿನ ಬಿಟ್ಟು 25,000ದಂತೆ ನಾಲ್ಕು ಸಲ ತಗೊಳ್ಳಿ. ತಗೊಳ್ಳುವ ಮುಂಚೆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕುವ ಒಂದೆರಡು ಪುಟದ ಪ್ರಕಟಣೆ ಓದಿ. ಗೈಡೆನ್ಸ್ ಮೇಲೆ ಹೋಯಿತಾ ಕೆಳಗೆ ಬಂತಾ, ಆರ್ಡರಿನಲ್ಲಿ ಹೊಸದು ಎಷ್ಟು, ಕಾರ್ಯಾಚರಣೆ ಲಾಭದ ಪ್ರಮಾಣ ಶೇ. 20ರ ಕೆಳಗೆ ಜಾರಿತಾ. ಸತತ ಎರಡು ಸಲ ಮೂರೂ ಕೆಟ್ಟದಾಗಿದ್ದರೆ ಉಳಿದ ಕಂತು ನಿಲ್ಲಿಸಿಬಿಡಿ. ಬೆಲೆ ಎಷ್ಟೇ ಇಳಿದಿರಲಿ.

ಐಟಿ ಕಂಪನಿಗಳದ್ದೇ ಇಂಡೆಕ್ಸ್ ಫಂಡ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಒಂದು ಕಂಪನಿಯ ಅಪಾಯ ಅದರಲ್ಲಿ ಕಮ್ಮಿ, ಆದರೆ ನಿಮ್ಮ ತೊಂದರೆ ಒಂದು ಕಂಪನಿಯದಲ್ಲ. ಒಡವೆ ಸಾಲ ತೆಗೆದು ಕೊಳ್ಳುವುದು, ಆಪ್ಷನ್‌ನಲ್ಲಿ ಆಡುವುದು ಇವುಗಳ ಬಗ್ಗೆ ನೀವು ಕೇಳಿಲ್ಲ, ಕೇಳಲೂಬೇಡಿ.

ತೆರಿಗೆಯ ಲೆಕ್ಕ ಚಿಕ್ಕದು. ಒಂದು ವರ್ಷ ದಾಟಿ ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲೆ ಶೇ. 12.5. ವರ್ಷದೊಳಗೆ ಮಾರಿದರೆ ಶೇ. 20. ಇದು 2024ರ ಜುಲೈನಲ್ಲಿ ಬಂದ ದರ. ಡಿವಿಡೆಂಡ್ ನಿಮ್ಮ ಪಿಂಚಣಿ ಜೊತೆ ಸೇರುತ್ತದೆ. ಡಿಮ್ಯಾಟ್ ಖಾತೆಗೆ ನಾಮಿನಿ ಹಾಕುವುದನ್ನು ಮರೆಯಬೇಡಿ.

ಕೊನೆಗೆ ನಿಮ್ಮ ಅಳಿಯಂದಿರು. ಅವರು ಜಾರಿಕೊಂಡಿಲ್ಲ, ಸರಿಯಾಗಿಯೇ ನಡೆದುಕೊಂಡಿದ್ದಾರೆ. ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಸುದ್ದಿ ಇಟ್ಟುಕೊಂಡು ವ್ಯವಹಾರ) ನಿಯಮದ ಪ್ರಕಾರ ಕಂಪನಿಯೊಳಗಿನ ಲೆಕ್ಕ ಮೊದಲೇ ತಿಳಿಯಬಹುದಾದ ನೌಕರರ ಒಂದು ಪಟ್ಟಿ ಇರುತ್ತದೆ. ಮೂರು ತಿಂಗಳ ಅವಧಿ ಮುಗಿದ ದಿನದಿಂದ ಫಲಿತಾಂಶ ಬಂದು 48 ಗಂಟೆ ಆಗುವವರೆಗೆ ಅವರು ಆ ಷೇರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅವರ ಹತ್ತಿರದ ಸಂಬಂಧಿಕರಿಗೂ ಅದೇ ಕಟ್ಟು. ಹತ್ತಿರದ ಸಂಬಂಧಿಕರು ಅಂದರೆ ಯಾರು? ಹೆಂಡತಿ ಹೇಗೂ ಸರಿ. ಹೆಂಡತಿಯ ತಂದೆತಾಯಿಯೂ ಬರುತ್ತಾರೆ, ಎರಡು ಸಂದರ್ಭದಲ್ಲಿ: ಅವರು ಅಳಿಯನ ದುಡಿಮೆಯಲ್ಲೇ ಬದುಕುತ್ತಿದ್ದರೆ, ಇಲ್ಲವೇ ಷೇರು ಕೊಳ್ಳುವಾಗ ಅಳಿಯನನ್ನು ಕೇಳುವವರಾದರೆ. ನೀವು ಪಿಂಚಣಿದಾರರು, ಮೊದಲನೆಯದು ಅನ್ವಯಿಸುವುದಿಲ್ಲ. ಎರಡನೆಯದಕ್ಕೆ ಸಿಕ್ಕಿಕೊಳ್ಳದಂತೆ ಅವರು ನಿಮ್ಮನ್ನು ಇಷ್ಟು ದಿನ ಕಾಪಾಡಿದ್ದಾರೆ. ನಿಮ್ಮ ಅಳಿಯ ಆ ಪಟ್ಟಿಯಲ್ಲಿ ಇದ್ದಾರಾ ಅನ್ನೋದೊಂದನ್ನು ಮಾತ್ರ ಕೇಳಿಟ್ಟುಕೊಳ್ಳಿ. ಷೇರಿನ ಬಗ್ಗೆ ಬೇಡ. ಈ ಸಲ ಹಬ್ಬಕ್ಕೆ ಬಂದಾಗ ಊಟದ ಮಧ್ಯೆಯೂ ಬೇಡ.